ಶನಿವಾರದೊಳಗೆ ಮ್ಯಾಟ್ರಿಕ್ಸ್ ಲೂಪ್ ಸರಿಪಡಿಸಿ

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ 5ಕ್ಕೆ ಧಾರವಾಡದ ಸಪ್ತಾಪುರದಲ್ಲಿ ನಮ್ಮ ಸಿ ಪ್ರೋಗ್ರಾಮಿಂಗ್ ಅಭ್ಯಾಸ. ಹುಬ್ಬಳ್ಳಿಯವರು ಚಿಗರಿ ಬಸ್ಸಿಗೆ ಸ್ವಲ್ಪ ಬೇಗ ಹೊರಡಿ.

3 ಅಡ್ಡಸಾಲು, 4 ಕಂಬಸಾಲಿನ ಮ್ಯಾಟ್ರಿಕ್ಸ್ (ಬೆಲೆಗಳ ಕೋಷ್ಟಕ) ತುಂಬುವಾಗ ಹಲವರು ಒಳಲೂಪಿನಲ್ಲಿ, ಅಂದರೆ ಒಂದು ಅಡ್ಡಸಾಲಿನ ಮನೆಗಳನ್ನು ಒಂದೊಂದಾಗಿ ತುಂಬುವ ಸುತ್ತಿನಲ್ಲಿ, ‘ಜೆ <= 4’ ಎಂದು ಬರೆದಿದ್ದೀರಿ. ಎಣಿಕೆ 0ಯಿಂದ ಶುರು, ಕೊನೆಯ ಇಂಡೆಕ್ಸ್ (ಮನೆಯ ಸಂಖ್ಯೆ) 3. ಜೆ 4ರವರೆಗೂ ಹೋದರೆ ಪ್ರತಿ ಸಾಲಿಗೂ ಐದು ಬೆಲೆ ಬರೆದಂತಾಗುತ್ತದೆ. ಮೊದಲ ಸಾಲಿನ ಐದನೇ ಬೆಲೆ ಸಾಮಾನ್ಯವಾಗಿ ಎರಡನೇ ಸಾಲಿನ ಮೊದಲ ಮನೆಯಲ್ಲಿ ಬೀಳುತ್ತದೆ, ಮುಂದಿನ ಸುತ್ತಿನಲ್ಲಿ ಅಳಿಸಿಯೂ ಹೋಗುತ್ತದೆ. ಹೀಗಾಗಿ ಉತ್ತರ ಸರಿಯಾಗಿಯೇ ಕಾಣುತ್ತದೆ. ಆದರೆ ಕೊನೆಯ ಸಾಲಿನ ಐದನೇ ಬೆಲೆ ಮ್ಯಾಟ್ರಿಕ್ಸಿನ ಹೊರಗಿನ ಜಾಗವನ್ನು ಕೆಡಿಸುತ್ತದೆ. ಇದೇ ನನಗೆ ಹೆಚ್ಚು ಆತಂಕ ತಂದದ್ದು.

‘<=’ ತೆಗೆದು ‘<’ ಹಾಕಿ. ಒಳಲೂಪಿನಲ್ಲಿ ಹೆಚ್ಚುತ್ತಿರುವುದು ಐ (ಅಡ್ಡಸಾಲಿನ ಸಂಖ್ಯೆ) ಅಲ್ಲ, ಜೆ (ಕಂಬಸಾಲಿನ ಸಂಖ್ಯೆ) ಎಂದು ಖಚಿತಪಡಿಸಿಕೊಳ್ಳಿ. ಪ್ರತಿ ಸುತ್ತಿನ ಐ, ಜೆ ಮುದ್ರಿಸಿ ನೋಡಿ. 12 ಜೋಡಿ ಬರಬೇಕು.

ತಿದ್ದಿದವರು ಶುಕ್ರವಾರ ರಾತ್ರಿಯೊಳಗೆ ‘ಆಯಿತು’ ಎಂದು ಇಲ್ಲಿ ತಿಳಿಸಿ. ತೊಡಕಾದವರು ಕೋಡಿನ ಚಿತ್ರ ಹಾಕಿ, ಸಂಕೋಚ ಬೇಡ.