ಕುದಿಸಿದರೆ ಸಾಲದು, ಅಣ್ಣ

ದುಬೈ
ಶುಕ್ರವಾರ ರಾತ್ರಿ

ಪ್ರೀತಿಯ ಅಣ್ಣನಿಗೆ, ಅತ್ತಿಗೆಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಅಮ್ಮನ ಮೊಣಕಾಲು ನೋವು ಕಡಿಮೆಯಾಗಿದೆ ಎಂದು ಕೇಳಿ ಸಮಾಧಾನವಾಯಿತು. ಆದರೆ ಅದೇ ಫೋನಿನಲ್ಲಿ ಅತ್ತಿಗೆ ಹೇಳಿದ ಇನ್ನೊಂದು ಸಂಗತಿ ಕೇಳಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ. ಫೋನಿನಲ್ಲಿ ಈ ವಿಷಯ ಎತ್ತಿದರೆ ಐದು ನಿಮಿಷಕ್ಕೆ ನಮ್ಮಿಬ್ಬರಿಗೆ ವಾದ ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮಧ್ಯಾಹ್ನದ ಗಿರಾಕಿ ಮುಗಿದ ಮೇಲೆ ನಿಧಾನವಾಗಿ ಓದು.

ವಿಟ್ಲದ ಹತ್ತಿರದ ಆ ಗೃಹಪ್ರವೇಶಕ್ಕೆ ನೀನು ಪೆರ್ಲದ ಹೋಟೆಲಿನಲ್ಲೇ ಅಡುಗೆ ಮಾಡಿ ವ್ಯಾನಿನಲ್ಲಿ ಕಳಿಸಿದ್ದೆ. ಊಟವಾಗಿ ಎರಡು ಮೂರು ಗಂಟೆಯೊಳಗೆ 12 ಜನಕ್ಕೆ ವಾಂತಿ ಶುರುವಾಯಿತಂತೆ. ದೇವರ ದಯೆ, ರಾತ್ರಿಯೊಳಗೆ ಎಲ್ಲರೂ ಸುಧಾರಿಸಿದರು. ಅಲ್ಲಿನ ಬಾವಿ ನೀರು ಸರಿ ಇರಲಿಲ್ಲ ಎಂದು ನೀನು ಹೇಳಿದೆಯಂತೆ. ಚಿತ್ರಾನ್ನದ ಅನ್ನ ಉದುರುದುರಾಗಿ ಬರಲಿ ಅಂತ ಹಿಂದಿನ ರಾತ್ರಿಯೇ ಬೇಯಿಸಿ, ದೊಡ್ಡ ಕಟಾರದ ಪಾತ್ರೆಯಲ್ಲಿ ಮುಚ್ಚಿಟ್ಟು, ಬೆಳಗ್ಗೆ ಒಗ್ಗರಣೆಯಲ್ಲಿ ಚೆನ್ನಾಗಿ ಬಿಸಿ ಮಾಡಿದ್ದೆ ಅಂತ ಅತ್ತಿಗೆ ಹೇಳಿದರು. ಅಷ್ಟು ಬಿಸಿ ಮಾಡಿದ ಮೇಲೆ ಅನ್ನದಲ್ಲಿ ಏನಿರುತ್ತದೆ ಎಂಬುದು ನಿನ್ನ ಪ್ರಶ್ನೆ.

ಅಣ್ಣ, ಇರುತ್ತದೆ. ಅದನ್ನು ಹೇಳುವುದಕ್ಕೇ ಈ ಪತ್ರ.

ಅಕ್ಕಿಯಲ್ಲಿ ಗದ್ದೆಯ ಮಣ್ಣಿನಿಂದಲೇ ಬರುವ ಒಂದು ಬ್ಯಾಕ್ಟೀರಿಯಾ ಇದೆ. ಬ್ಯಾಸಿಲಸ್ ಸೀರಿಯಸ್ ಅಂತ ಹೆಸರು. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಅದು ಗಟ್ಟಿ ಸಿಪ್ಪೆಯ ಬೀಜದ ಹಾಗೆ ಮುದುಡಿ ಕೂತಿರುತ್ತದೆ. ಅನ್ನ ಬೇಯುವಾಗ ಉಳಿದ ಕ್ರಿಮಿಗಳು ಸಾಯುತ್ತವೆ, ಈ ಬೀಜ ಸಾಯುವುದಿಲ್ಲ. ಬೆಂದ ಅನ್ನ ಉಗುರು ಬೆಚ್ಚಗಾಗಿ ಹಾಗೇ ಕೂತರೆ ಬೀಜ ಮೊಳೆಯುತ್ತದೆ, ಬೆಳೆಯುತ್ತದೆ, ಅನ್ನದೊಳಗೆ ವಿಷ ಬಿಡುತ್ತದೆ. ಬೆಳಗ್ಗೆ ನೀನು ಬಾಣಲೆಯಲ್ಲಿ ಬಿಸಿ ಮಾಡಿದಾಗ ಬೆಳೆದ ಕ್ರಿಮಿ ಸತ್ತಿರಬಹುದು. ಅದು ಬಿಟ್ಟ ವಿಷ ಮಾತ್ರ ಕುದಿಯುವ ಬಿಸಿಗೂ ಜಗ್ಗುವುದಿಲ್ಲ. ವಾಸನೆ ಬರುವುದಿಲ್ಲ, ರುಚಿ ಬದಲಾಗುವುದಿಲ್ಲ, ನೋಡಿದರೆ ಗೊತ್ತಾಗುವುದಿಲ್ಲ. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ, ಒಂದು ದಿನದೊಳಗೆ ಗುಣ. ಆ ಊಟದ ಅನ್ನವನ್ನು ಯಾರೂ ಪರೀಕ್ಷೆ ಮಾಡಿಸಲಿಲ್ಲ, ಹಾಗಾಗಿ ಅದೇ ಕಾರಣ ಎಂದು ನಾನು ಆಣೆ ಮಾಡುವುದಿಲ್ಲ. ಆದರೆ ಗಂಟೆಯ ಲೆಕ್ಕ ನೋಡು. ಪೂರಾ ಹೊಂದುತ್ತದೆ, ಅಲ್ವಾ?

ನಿನ್ನ ಅಡುಗೆಮನೆ ಕೊಳಕು ಎಂದು ನಾನು ಹೇಳುತ್ತಿಲ್ಲ. ಪೆರ್ಲದಿಂದ ಬದಿಯಡ್ಕದವರೆಗೆ ನಿನ್ನಷ್ಟು ಶುದ್ಧವಾಗಿ ಪಾತ್ರೆ ತೊಳೆಸುವವರು ಜಾಸ್ತಿ ಜನ ಇಲ್ಲ. ಇದು ಕೊಳೆಯ ವಿಷಯವೇ ಅಲ್ಲ. ಬಿಸಿ ಮತ್ತು ಹೊತ್ತು, ಇವೆರಡರ ವಿಷಯ.

ನನಗೂ ಇದು ಇಲ್ಲಿಗೆ ಬಂದ ಮೇಲೆಯೇ ಅರ್ಥವಾದದ್ದು. ಬಂದ ಮೊದಲ ವರ್ಷ, ಒಂದು ರಾತ್ರಿ ಇಲ್ಲಿನ ನಮ್ಮ ಹೋಟೆಲಿನಲ್ಲಿ 40 ಲೀಟರ್ ದಾಲ್ ಉಳಿಯಿತು. ಮುಚ್ಚಳ ಹಾಕಿ ಒಲೆಯ ಪಕ್ಕ ಬಿಟ್ಟು ಹೋದೆ. ನಮ್ಮೂರಲ್ಲಿ ಹಾಗೇ ಅಲ್ವಾ ಮಾಡುವುದು? ಬೆಳಗ್ಗೆ 6 ಗಂಟೆಗೆ ಸೂಪರ್‌ವೈಸರ್ ಬಂದು ಪಾತ್ರೆಯ ನಡುವಿಗೆ ಥರ್ಮಾಮೀಟರ್ ಚುಚ್ಚಿದರು. 41 ಡಿಗ್ರಿ! ಎಂಟು ಗಂಟೆ ಕಳೆದರೂ ಒಳಗೆ ಅಷ್ಟು ಬಿಸಿ ಇತ್ತು. ಅವರು ಬೈಯಲಿಲ್ಲ. ನನ್ನ ಕೈಯಿಂದಲೇ ಅಷ್ಟನ್ನೂ ಕಸಕ್ಕೆ ಸುರಿಸಿದರು. ಅನ್ನ ಚೆಲ್ಲಬಾರದು ಎಂದು ಕಲಿತ ಮನೆಯಿಂದ ಬಂದವನು ನಾನು. ಸುರಿಯುವಾಗ ಕಣ್ಣಲ್ಲಿ ನೀರು ಬಂತು. ಆಮೇಲೆ ಅವರು ಕೂರಿಸಿಕೊಂಡು ಹೇಳಿದ್ದನ್ನೇ ಈಗ ನಿನಗೆ ಹೇಳುತ್ತಿದ್ದೇನೆ.

5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಬೆಂದ ಅಡುಗೆ ಹೆಚ್ಚು ಹೊತ್ತು ಇರಬಾರದು. ಅಪಾಯ ಇರುವುದು ಆ ನಡುವಿನಲ್ಲಿ. 60ಕ್ಕಿಂತ ಮೇಲಿದ್ದರೆ ಕ್ರಿಮಿ ಬೆಳೆಯುವುದಿಲ್ಲ, 5ಕ್ಕಿಂತ ಕೆಳಗಿದ್ದರೆ ಹೆಚ್ಚಿನವು ತೂಕಡಿಸುತ್ತವೆ. ದಾಲ್, ಸಾಂಬಾರು, ಮಾಂಸದ ಸಾರು ಇಂಥವುಗಳಲ್ಲಿ ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಅಂತ ಇನ್ನೊಂದು ಕ್ರಿಮಿ ಬೆಳೆಯುತ್ತದೆ. ಅದಕ್ಕೂ ಕುದಿತಕ್ಕೆ ಸಾಯದ ಬೀಜ ಇದೆ. ದೊಡ್ಡ ಪಾತ್ರೆಯ ತಳದಲ್ಲಿ ಗಾಳಿ ಇರುವುದಿಲ್ಲ, ಅದಕ್ಕೆ ಅದೇ ಬೇಕು. 40 ಡಿಗ್ರಿಯ ಆಚೀಚೆ, ಹದ ಸರಿಯಾಗಿದ್ದರೆ, ಹತ್ತು ನಿಮಿಷಕ್ಕೊಮ್ಮೆ ಎರಡು ಪಟ್ಟಾಗುತ್ತದೆ. ನನ್ನ ದಾಲ್ ಬೆಳಗಿನ ಜಾವದ ಹೊತ್ತಿಗೆ ಆ ಹದಕ್ಕೇ ಬಂದು ಕೂತಿತ್ತು.

ಇಲ್ಲಿ ಪ್ರತಿ ಹೋಟೆಲಿನಲ್ಲೂ ಇದಕ್ಕೆಂದೇ ತರಬೇತಿ ಪಡೆದು ಪರೀಕ್ಷೆ ಪಾಸಾದ ಒಬ್ಬ ಜವಾಬ್ದಾರ ಇರಲೇಬೇಕು. ಈಗ ನಮ್ಮ ಶಿಫ್ಟಿಗೆ ಆ ಜವಾಬ್ದಾರ ನಾನೇ. ದಿನಕ್ಕೆ ನಾಲ್ಕು ಸಲ ಫ್ರಿಜ್ಜು, ಬಿಸಿ ಇಡುವ ಪೆಟ್ಟಿಗೆ, ಬಂದ ಸಾಮಾನು ಎಲ್ಲದಕ್ಕೂ ಥರ್ಮಾಮೀಟರ್ ಹಿಡಿದು ಬರೆದಿಡುತ್ತೇನೆ. ಇನ್‌ಸ್ಪೆಕ್ಟರ್ ಬಂದರೆ ಮೊದಲು ಕೇಳುವುದು ಆ ಪುಸ್ತಕ. ಹೊರಗೆ 45 ಡಿಗ್ರಿ ಬಿಸಿಲಿರುವ ಊರಿದು.

ನಮ್ಮ ಹಳೆಯ ಊಟಗಳಲ್ಲಿ ಈ ತೊಂದರೆ ಯಾಕೆ ಇರಲಿಲ್ಲ ಅಂತ ನಾನು ತುಂಬ ಯೋಚಿಸಿದ್ದೇನೆ. ಅಜ್ಜನ ಕಾಲದಲ್ಲಿ ಅಡುಗೆಯವರು ಮೂರು ಗಂಟೆ ರಾತ್ರಿಗೆ ಎದ್ದು ಚಪ್ಪರದ ಹಿಂದೆಯೇ ಒಲೆ ಹೂಡುತ್ತಿದ್ದರು. ಮೇಲೋಗರ, ಕೊದ್ದೆಲ್ ಇವೆಲ್ಲ ಹನ್ನೊಂದರ ಮೇಲೆ ಇಳಿಯುತ್ತಿದ್ದವು. ಅನ್ನ ಕೊನೆಗೆ. ಎಲೆ ಹಾಕುವಾಗ ಒಲೆಯಿಂದ ಎಲೆಗೆ ಇಪ್ಪತ್ತು ಹೆಜ್ಜೆ. ಉಳಿದದ್ದು ಸಂಜೆಯೊಳಗೆ ಹಂಚಿ ಹೋಗುತ್ತಿತ್ತು. ಈಗ ಪೆರ್ಲದಲ್ಲಿ ಬೇಯಿಸಿ, ಸಾರಡ್ಕದಲ್ಲಿ ಗಡಿ ದಾಟಿ, ಅಡ್ಯನಡ್ಕದ ನಮ್ಮ ಮನೆ ಮುಂದಿನಿಂದಲೇ ವಿಟ್ಲಕ್ಕೆ ಕೊಂಡುಹೋಗುತ್ತೇವೆ. ಅಲ್ಲಿ ಮುಹೂರ್ತ ತಡವಾಗುತ್ತದೆ, ಭಾಷಣ ಇರುತ್ತದೆ, ಎರಡನೇ ಪಂಕ್ತಿ ಮೂರು ಗಂಟೆಗೆ ಕೂರುತ್ತದೆ. ಅಡುಗೆ ಅದೇ, ಕೈ ಅದೇ. ನಡುವೆ ಇಷ್ಟು ಹೊತ್ತು ಸೇರಿಕೊಂಡಿತು.

ಹಾಗಾಗಿ ನಿನ್ನನ್ನು ಬೇಡಿಕೊಳ್ಳುವುದು ಇಷ್ಟು. ಚಿತ್ರಾನ್ನದ ಅನ್ನ ಅದೇ ದಿನ ಬೆಳಗ್ಗೆ ಮಾಡು. ಅಗಲ ಸ್ಟೀಲ್ ತಟ್ಟೆಗಳಲ್ಲಿ ಎರಡು ಇಂಚು ದಪ್ಪಕ್ಕಿಂತ ಜಾಸ್ತಿ ಇಲ್ಲದ ಹಾಗೆ ಹರಡಿದರೆ ಅರ್ಧ ಗಂಟೆಯಲ್ಲಿ ಉದುರಾಗುತ್ತದೆ, ರಾತ್ರಿಯ ಅನ್ನ ಬೇಕಾಗಿಯೇ ಇಲ್ಲ. ಸಾಂಬಾರು ನಾಳೆಗೆ ಉಳಿಸಲೇಬೇಕು ಅಂತಾದರೆ ಕೊಪ್ಪರಿಗೆಯಲ್ಲಿ ಬಿಡಬೇಡ. ನಾಲ್ಕೈದು ಚಿಕ್ಕ ಪಾತ್ರೆಗೆ ಹಂಚಿ, ಪಾತ್ರೆಯನ್ನು ಐಸ್ ಹಾಕಿದ ನೀರಿನಲ್ಲಿ ಕೂರಿಸಿ ಸೌಟಿನಿಂದ ತಿರುವುತ್ತಾ ಇರಬೇಕು. 2 ಗಂಟೆಯೊಳಗೆ 21 ಡಿಗ್ರಿಗೆ ಇಳಿಯಬೇಕು, ಅಲ್ಲಿಂದ 4 ಗಂಟೆಯೊಳಗೆ 5ಕ್ಕೆ. ಆಮೇಲೆ ಫ್ರಿಜ್ಜಿಗೆ. ಬಿಸಿ ಕೊಪ್ಪರಿಗೆಯನ್ನು ಹಾಗೇ ಫ್ರಿಜ್ಜಿಗೆ ನೂಕಿದರೆ ಅದು ತಣಿಯುವುದಿಲ್ಲ, ಪಕ್ಕದ ಹಾಲು ಮೊಸರೂ ಬಿಸಿಯಾಗುತ್ತದೆ. ಮರುದಿನ ತೆಗೆದಾಗ ನಡುಭಾಗ 75 ಡಿಗ್ರಿ ದಾಟುವಷ್ಟು ಬಿಸಿ ಮಾಡು, ಒಂದೇ ಸಲ. ಸರಿಯಾಗಿ ತಣಿಸಿ ಇಟ್ಟ ಅಡುಗೆಗೆ ಮಾತ್ರ ಈ ಬಿಸಿ ಕೆಲಸಕ್ಕೆ ಬರುತ್ತದೆ.

ವ್ಯಾನಿಗೆ ಹಾಕುವ ಬಿಸಿ ಡಬ್ಬಿಗಳಿಗೆ ಮೊದಲು ಕುದಿಯುವ ನೀರು ತುಂಬಿಸಿ ಹತ್ತು ನಿಮಿಷ ಬಿಡು. ಆ ನೀರು ಚೆಲ್ಲಿ, ಒಲೆಯಿಂದ ಇಳಿದ ಕೂಡಲೇ ಅಡುಗೆ ತುಂಬು. ತಣ್ಣನೆ ಡಬ್ಬಿ ಸಾಂಬಾರಿನ ಬಿಸಿಯನ್ನು ತಾನೇ ತಿಂದುಬಿಡುತ್ತದೆ. ಬಡಿಸುವ ಮೊದಲು 60 ಇದೆಯಾ ನೋಡಬೇಕು. ಕಾಯಿ ಚಟ್ನಿ ಮಾತ್ರ ಹೋಟೆಲಿನಿಂದ ಒಯ್ಯುವುದೇ ಬೇಡ. ಅದು ಬೇಯಿಸಿದ್ದಲ್ಲ. ತೆಂಗಿನಕಾಯಿ, ಗ್ರೈಂಡರ್ ಒಯ್ದು ಅಲ್ಲೇ ಸ್ವಲ್ಪ ಸ್ವಲ್ಪ ಅರೆಯಲಿ. ಕಾಯಿ ತುರಿಯುವ ಹುಡುಗನ ಬೆರಳಿಗೆ ಗಾಯ ಆಗಿದ್ದರೆ ಆ ದಿನ ಅವನಿಗೆ ಬೇರೆ ಕೆಲಸ ಕೊಡು. ಕೀವಿನಿಂದ ಬರುವ ಕ್ರಿಮಿಯ ವಿಷವೂ ಕುದಿಸಿದರೆ ಹೋಗುವುದಿಲ್ಲ.

ಇನ್ನೊಂದು, ಹೆಗಲ ಮೇಲಿನ ಬೈರಾಸ. ಬೆವರು ಒರೆಸಿದ್ದರಲ್ಲೇ ತಟ್ಟೆ ಒರೆಸುವುದು ನಮ್ಮೂರಲ್ಲಿ ಯಾರಿಗೂ ತಪ್ಪೆನಿಸುವುದಿಲ್ಲ. ಎರಡೂ ಬೇರೆ ಬೇರೆ ಇರಲಿ. ಸೋಪಿನಿಂದ ತೊಳೆದ ಮೇಲೆ ಹಲಗೆ, ಮೇಜು, ಚಾಕುವಿಗೆ ಬ್ಲೀಚ್ ನೀರು ಬೇಕು. 5 ಶೇಕಡದ ಬ್ಲೀಚ್ ದ್ರಾವಣವಾದರೆ 1 ಲೀಟರ್ ನೀರಿಗೆ 2 ಮಿಲಿ ಹಾಕಿದರೆ 100 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 100 ಪಾಲು ಆಗುತ್ತದೆ, ಅಷ್ಟು ಸಾಕು. ಮೊದಲು ತೊಳೆಯಬೇಕು, ಆಮೇಲೆ ಬ್ಲೀಚ್. ಜಿಡ್ಡಿನ ಮೇಲೆ ಹಾಕಿದರೆ ಪ್ರಯೋಜನ ಇಲ್ಲ.

2022ರ ಮೇ ತಿಂಗಳು ನೆನಪಿದೆಯಾ? ನಿನ್ನ ಹೋಟೆಲಿರುವ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದು 16 ವರ್ಷದ ಹುಡುಗಿ ತೀರಿಕೊಂಡಳು. ಎಷ್ಟೋ ಮಕ್ಕಳು ಆಸ್ಪತ್ರೆ ಸೇರಿದರು. ಶಿಗೆಲ್ಲ ಎಂಬ ಕ್ರಿಮಿ ಪತ್ತೆಯಾಯಿತು. ಆ ಸುದ್ದಿ ಬಂದ ದಿನ ಇಲ್ಲಿ ನಮ್ಮ ಅಡುಗೆಮನೆಯಲ್ಲಿ ಆ ಕಡೆಯವರು ನಾವು ಮೂವರಿದ್ದೆವು. ಯಾರೂ ಮಾತಾಡಲಿಲ್ಲ. ನಾನು ಆಗ ನಿನ್ನ ಹೋಟೆಲನ್ನೇ ನೆನೆಸಿಕೊಂಡೆ, ಸುಳ್ಳು ಹೇಳುವುದಿಲ್ಲ. ಅದರ ಮರುವರ್ಷ ಕೇರಳದಲ್ಲಿ ಹಸಿ ಮೊಟ್ಟೆಯ ಮಯೋನೀಸ್ ನಿಲ್ಲಿಸಿದರು, ಕೆಲಸದವರಿಗೆ ಹೆಲ್ತ್ ಕಾರ್ಡ್ ಕಡ್ಡಾಯ ಮಾಡಿದರು, ಪಾರ್ಸೆಲಿಗೆ ಮಾಡಿದ ಹೊತ್ತು ಮತ್ತು ಎಷ್ಟು ಹೊತ್ತಿನೊಳಗೆ ತಿನ್ನಬೇಕು ಎಂಬ ಚೀಟಿ ಅಂಟಿಸಲು ಹೇಳಿದರು. ಕಾರ್ಡ್ ನೀನು ಎಲ್ಲರಿಗೂ ಮಾಡಿಸಿದ್ದೀಯ, ಗೊತ್ತು. ಚೀಟಿಯನ್ನು ದೊಡ್ಡ ಊಟದ ಡಬ್ಬಿಗಳಿಗೂ ಅಂಟಿಸು. ಬೇಯಿಸಿದ ಗಂಟೆ ಬರೆದಿದ್ದರೆ ಬಡಿಸುವ ಹುಡುಗರಿಗೇ ತಿಳಿಯುತ್ತದೆ. ಗಡಿಯ ಈಚೆ ಕರ್ನಾಟಕದಲ್ಲಿ ಬಡಿಸುವಾಗ ಯಾರು ಕೇಳುತ್ತಾರೆ ಎನ್ನಬೇಡ. ಆಹಾರ ಸುರಕ್ಷತೆಯ ಕಾನೂನು ಇಡೀ ದೇಶಕ್ಕೆ ಒಂದೇ. ಉಣ್ಣುವವರು ನಮ್ಮ ನೆಂಟರೇ.

ಆ ಮನೆಯವರ ಹತ್ತಿರ ಒಮ್ಮೆ ಹೋಗಿ ಬಾ ಅಣ್ಣ. ಬಾವಿ ನೀರು ಎಂದದ್ದನ್ನು ಹಿಂದೆ ತೆಗೆದುಕೋ. ಹೊಸ ಮನೆ ಕಟ್ಟಿ ಮೊದಲ ದಿನವೇ ಅವರ ಬಾವಿಗೆ ಆ ಮಾತು ಬಂತಲ್ಲ, ಅತ್ತಿಗೆ ಹೇಳಿದಾಗಿನಿಂದ ನನಗೆ ಅದೇ ಹೆಚ್ಚು ನೋಯುತ್ತಿದೆ.

ಮುಂದಿನ ವಾರ ನಮ್ಮ ರೂಮಿನ ಬದಿಯಡ್ಕದ ಹುಡುಗ ಊರಿಗೆ ಬರುತ್ತಾನೆ. ಅವನ ಕೈಯಲ್ಲಿ ಎರಡು ಚುಚ್ಚುವ ಥರ್ಮಾಮೀಟರ್ ಕಳಿಸುತ್ತಿದ್ದೇನೆ, ಒಂದು ಹೋಟೆಲಿಗೆ, ಒಂದು ವ್ಯಾನಿಗೆ. ಅಮ್ಮನಿಗೆ ಖರ್ಜೂರ, ಮೊಣಕಾಲಿಗೆ ಹಾಕುವ ಪಟ್ಟಿ ಕೂಡ ಇದೆ. ಥರ್ಮಾಮೀಟರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹಾಕುವಾಗ ಸ್ಪಿರಿಟ್ ಹತ್ತಿಯಲ್ಲಿ ಒರೆಸಬೇಕು. ಅತ್ತಿಗೆ, ಬರೆದಿಡುವ ಪುಸ್ತಕ ನಿಮ್ಮ ಹತ್ತಿರವೇ ಇರಲಿ. ನೀವು ಬರೆದರೆ ಒಂದು ದಿನವೂ ತಪ್ಪುವುದಿಲ್ಲ. ತಿಂಗಳಿಗೊಮ್ಮೆ ಒಂದು ಲೋಟದ ತುಂಬ ಪುಡಿ ಐಸ್ ಹಾಕಿ, ಸ್ವಲ್ಪ ನೀರು ಸೇರಿಸಿ, ಥರ್ಮಾಮೀಟರ್ ಅದ್ದಿ ನೋಡಿ. ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ನನಗೆ ಫೋನ್ ಮಾಡಿ, ಬೇರೆ ಕಳಿಸುತ್ತೇನೆ.

ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ತಮ್ಮ