ಜಾಡು ಹಾಕಿದ ಅಕ್ಕೋರಿಗೆ

ನಮ್ಮ ನಾಯಿ ಕಪ್ಪಿ ಕಳೆದ ಭಾನುವಾರ, ಮನುಷ್ಯರು ನಡೆದುಹೋದ ವಾಸನೆ ಹಿಡಿದು, 600 ಹೆಜ್ಜೆಯ ಜಾಡು ಮುಗಿಸಿದ ಸುದ್ದಿ ಶಿರಸಿಯಿಂದ ಘಟ್ಟ ಇಳಿದು ಕಾರವಾರದವರೆಗೂ ಹೋಗಿದೆ. ಒಂದು ತಾಸು ಹಳೆಯ ಜಾಡು, ನಾಲ್ಕು ತಿರುವು, ದಾರಿಯಲ್ಲಿ ಬಿಟ್ಟ ಮೂರು ವಸ್ತು. ಕೆಲಸದ ನಾಯಿಗಳಿಗೆ ನಡೆಸುವ ಐಜಿಪಿ ಪರೀಕ್ಷೆಯ ಮೂರನೇ ಹಂತದಲ್ಲಿ ಕೇಳುವ ಅಳತೆಯೇ ಇದು. ಪರೀಕ್ಷೆಯೇನೂ ನಡೆದಿಲ್ಲ, ಅಂಕ ಕೊಡುವವರೂ ಇರಲಿಲ್ಲ. ಆದರೂ ಫೋನು ಮಾಡಿದವರೆಲ್ಲ ನಾಯಿಯನ್ನು ಹೊಗಳಿದರು, ಹಗ್ಗ ಹಿಡಿದವರನ್ನು ಹೊಗಳಿದರು. ಆ ದಾರಿಯನ್ನು ಮೊದಲು ನಡೆದು ಜಾಡು ಹಾಕಿದ್ದು ಯಾರು ಎಂದು ಕೇಳಿದವರು ಕಡಿಮೆ. ಅದಕ್ಕೇ ಈ ಬರಹ.

ಮೊದಲು ಉಳಿದವರಿಗೆ. ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡು), ತೋಟದಲ್ಲಿ ತಿರುಗಲು ಬಿಟ್ಟ ಮನೆಗಳವರಿಗೆ, ನಾಯಿಯ ಎದೆಪಟ್ಟಿ ಹೊಲಿದುಕೊಟ್ಟ ಟೇಲರಿಗೆ, ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಬೆಳಗಿನ ವಾಕಿಂಗಿನವರನ್ನು ಪಕ್ಕಕ್ಕೆ ಕಳಿಸುತ್ತಿದ್ದ ಹುಡುಗರಿಗೆ, ಯಾವ ಹೊತ್ತಿಗೂ ಫೋನೆತ್ತಿದ ಪಶುವೈದ್ಯರಿಗೆ, ಯಾವ ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದಾಗಿದೆ ಎಂದು ಹಿಂದಿನ ದಿನವೇ ಹೇಳಿಕಳಿಸುತ್ತಿದ್ದ, ಅಡಿಕೆ ಕೊನೆ ಇಳಿಸುವ ಕೊನೆಗೌಡರಿಗೆ ಕೃತಜ್ಞತೆಗಳು. (ಮೈಲುತುತ್ತ ಬಿದ್ದ ಹುಲ್ಲಿನಲ್ಲಿ ನಡೆದ ನಾಯಿ ಆಮೇಲೆ ಕೂತು ಪಾದ ನೆಕ್ಕುತ್ತದೆ. ಅದು ಹೊಟ್ಟೆಗೆ ಹೋದರೆ ವಿಷ.)

ಇನ್ನು ಅಕ್ಕೋರು. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು ನಿವೃತ್ತರಾದ ಮೇಲೆ ಯಾರೂ ಕರೆಯದೆ ಈ ಕೆಲಸಕ್ಕೆ ಬಂದವರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಜಾಡು ಹಾಕುವುದೆಂದರೆ ಸುಮ್ಮನೆ ನಡೆದು ಹೋಗುವುದು ಎಂದುಕೊಂಡವರೇ ಹೆಚ್ಚು. ಮನುಷ್ಯ ನಡೆದಲ್ಲಿ ಎರಡು ಬಗೆಯ ವಾಸನೆ ಉಳಿಯುತ್ತದೆ. ಮೈಯಿಂದ ಉದುರುವ ಚರ್ಮದ ಸಣ್ಣ ಪುಡಿ ಗಾಳಿಗೆ ಪಕ್ಕಕ್ಕೆ ಸರಿಯುತ್ತದೆ. ತುಳಿದ ಹುಲ್ಲು, ಕದಡಿದ ಮಣ್ಣಿನ ವಾಸನೆ ಹೆಜ್ಜೆಯಲ್ಲೇ ಕೂರುತ್ತದೆ. ಹೆಜ್ಜೆಯಿಂದ ಹೆಜ್ಜೆಗೆ ಮೂಗು ಊರಿ ಹೋಗುವ ನಾಯಿ ಬೇಕಾದರೆ ಮೊದಲ ವಾರಗಳ ಜಾಡು ಅಚ್ಚುಕಟ್ಟಾಗಿರಬೇಕು. ಒಂದು ಮೀಟರ್ ಚೌಕದ ಹುಲ್ಲನ್ನು ಚೆನ್ನಾಗಿ ತುಳಿದು, ಅದರೊಳಗೆ ಬೇಯಿಸಿದ ಕೋಳಿಮಾಂಸವನ್ನು ಕಡಲೆಕಾಳಿನಷ್ಟು ಸಣ್ಣ ಚೂರು ಮಾಡಿ ಹರಡುವುದು. ನಾಯಿ ಅಲ್ಲಿ ಮೂಗು ಇಳಿಸಿ ಹುಡುಕುವುದು ಕಲಿತ ಮೇಲೆ ಅಲ್ಲಿಂದ ನೇರಕ್ಕೆ 20–30 ಹೆಜ್ಜೆ, ಪ್ರತಿ ಹಿಮ್ಮಡಿಯ ಗುರುತಿನಲ್ಲಿ ಒಂದು ಚೂರು, ಕೊನೆಯಲ್ಲಿ ಒಂದು ಮುಷ್ಟಿ. ನಾಯಿಗೆ ಬೆಳಗಿನ ಊಟ ಹಾಕಿರಬಾರದು. ಕರಾವಳಿಯ ಕಡೆಯವರು ಒಣಮೀನು ಇಡೋಣ ಎನ್ನುತ್ತಾರೆ. ಅದರ ವಾಸನೆ ಗಾಳಿಯಲ್ಲೇ ತೇಲಿ ಬರುತ್ತದೆ, ನಾಯಿ ತಲೆ ಎತ್ತಿ ಚೂರಿನಿಂದ ಚೂರಿಗೆ ಓಡುತ್ತದೆ, ನಡುವಿನ ಹೆಜ್ಜೆಗಳನ್ನು ಮೂಸುವುದೇ ಇಲ್ಲ.

ಗಾಳಿ ಜಾಡು ಹಾಕುವವರ ಬೆನ್ನಿಗಿರಬೇಕು. ಎದುರುಗಾಳಿಯಾದರೆ ಮುಂದಿನ ವಾಸನೆಯೆಲ್ಲ ನಾಯಿಯ ಮುಖಕ್ಕೇ ಬಂದು ಬೀಳುತ್ತದೆ, ಮೂಗು ಕೆಳಗಿಡುವ ಅಗತ್ಯವೇ ಅದಕ್ಕಿಲ್ಲ. ಕಾರವಾರದ ಮರಳಿನಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಗಾಳಿ, ಬಿಸಿಲೇರಿದ ಮೇಲೆ ಕಡಲಿನಿಂದ. ಹಾಗಾಗಿ ಅಲ್ಲಿ ಬೆಳಗಿನ ಜಾಡು ಗಾಳಿಮರಗಳ ಕಡೆಯಿಂದ ನೀರಿನ ಕಡೆಗೆ. ಅಕ್ಕೋರು ಒಂದು ಚಿಟಿಕೆ ಪೌಡರ್ ಹಾರಿಸಿ ನೋಡದೆ ಮೊದಲ ಹೆಜ್ಜೆ ಇಟ್ಟವರಲ್ಲ.

ಇರುವೆ ಈ ಸೀಮೆಯ ದೊಡ್ಡ ತೊಂದರೆ. ಸಾಲು ಹತ್ತಿರವಿದ್ದರೆ ಜಾಡು ಹಳತಾಗುವ ಮೊದಲೇ ಚೂರೆಲ್ಲ ಮಾಯ. ಕಲಿಯುವ ನಾಯಿಗೆ ಹತ್ತು ಹೆಜ್ಜೆ ಬರಿದಾಗಿ ಸಿಕ್ಕರೆ ಅದು ಜಾಡು ಬಿಟ್ಟು ಸುತ್ತ ಅಲೆಯುವುದನ್ನು ಕಲಿಯುತ್ತದೆ, ಆ ಚಾಳಿ ಬಿಡಿಸುವುದು ಕಷ್ಟ. ಅಕ್ಕೋರು ಹಿಂದಿನ ಸಂಜೆಯೇ ಹೋಗಿ ಇರುವೆ ಸಾಲು, ಹಂದಿ ಕೆದಕಿದ ಜಾಗ, ದನ ದಾಟುವ ದಾರಿ ಎಲ್ಲ ನೋಡಿ ಪಟ್ಟಿಯಲ್ಲಿ (ನೋಟುಪುಸ್ತಕ) ಬರೆದಿಟ್ಟುಕೊಂಡು ಬರುತ್ತಿದ್ದರು. ಆ ಪಟ್ಟಿಯೇ ಒಂದು ಪಠ್ಯಪುಸ್ತಕ: ಹಾಕಿದ ಸಮಯ, ಗಾಳಿಯ ದಿಕ್ಕು, ಇಬ್ಬನಿ ಇತ್ತೋ ಇಲ್ಲವೋ, ಪ್ರತಿ ತಿರುವಿಗೆ ಒಂದು ಗುರುತು. ಗುರುತು ಯಾವಾಗಲೂ ಅಲ್ಲೇ ಇರುವಂಥದು, ಬಾಳೆಬುಡ, ಒಡ್ಡಿನ ಮೂಲೆ, ಬಾಗಿದ ಹಲಸು. ಬಟ್ಟೆ ಕ್ಲಿಪ್ಪು, ಬಣ್ಣದ ರಿಬ್ಬನ್ನು ಜಾಡಿನ ಮೇಲೇ ಕಟ್ಟಿದರೆ ನಾಯಿ ಅದನ್ನೇ ಕಣ್ಣಿಂದ ಹುಡುಕುತ್ತದೆ. ವಾಪಸು ಬರುವಾಗ ಅಕ್ಕೋರು ಯಾವತ್ತೂ ದೊಡ್ಡ ಸುತ್ತು ಹಾಕಿಯೇ ಬಂದರು. ಹೋದ ದಾರಿಯಲ್ಲೇ ಮರಳಿದರೆ ಜಾಡಿನ ಮೇಲೆ ಜಾಡು ಬಿದ್ದು ದಿಕ್ಕೇ ಕೆಡುತ್ತದೆ.

ವಸ್ತುಗಳ ವಿಷಯದಲ್ಲಿ ಅವರದೇ ಒಂದು ಉಪಾಯ. ಚರ್ಮ, ಮರ, ಬಟ್ಟೆಯ ಬೆರಳುದ್ದದ ತುಂಡುಗಳನ್ನು ಅರ್ಧ ತಾಸು ಮೈಗೆ ತಾಗುವಂತೆ ಇಟ್ಟುಕೊಂಡು ಆಮೇಲೆ ಜಾಡಿನಲ್ಲಿ ಬಿಡುವುದು ಎಲ್ಲರೂ ಮಾಡುವುದೇ. ಅಕ್ಕೋರು ಅದರ ಜೊತೆಗೆ ಅಡಿಕೆ ಹಾಳೆಯ ತುಂಡನ್ನೂ ಸೇರಿಸಿದರು. ತೋಟದ ತುಂಬ ಹಾಳೆ ಬಿದ್ದಿರುತ್ತದೆ. ಕಣ್ಣಿಗೆ ಎಲ್ಲವೂ ಒಂದೇ, ಅಕ್ಕೋರ ಕೈ ತಾಗಿದ್ದು ಯಾವುದು ಎಂಬುದನ್ನು ಮೂಗು ಮಾತ್ರ ಹೇಳಬಲ್ಲದು. ಕಪ್ಪಿ ಈಗ ವಸ್ತು ಸಿಕ್ಕ ಕೂಡಲೇ ಅದನ್ನು ಮುಂಗಾಲ ನಡುವೆ ಇಟ್ಟುಕೊಂಡು ಮಲಗುವುದರಲ್ಲಿ ತಪ್ಪುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಅವರ ಮೌನ. ತಿರುವಿನಲ್ಲಿ ನಾಯಿ ಎರಡು ಮೂರು ಹೆಜ್ಜೆ ಮುಂದೆ ಹೋಗಿ, ವಾಸನೆ ಕಡಿದುಹೋಯಿತೆಂದು ಸುತ್ತು ಹಾಕುತ್ತದೆ. ಆಗ ಹಗ್ಗ ಹಿಡಿದವರು ನಿಂತಲ್ಲೇ ನಿಲ್ಲಬೇಕು. ಹತ್ತು ಮೀಟರ್ ಹಗ್ಗದಲ್ಲಿ ಒಂದಿಷ್ಟು ಬಿಗಿ ಬಂದರೂ, ಭುಜ ಸ್ವಲ್ಪ ಬಲಕ್ಕೆ ತಿರುಗಿದರೂ ನಾಯಿ ಜಾಡನ್ನು ಬಿಟ್ಟು ಮನುಷ್ಯನನ್ನು ಓದತೊಡಗುತ್ತದೆ. ಇದಕ್ಕೆ ಮದ್ದು ಒಂದೇ: ಹಗ್ಗ ಹಿಡಿದವರಿಗೂ ಜಾಡು ಗೊತ್ತಿರಬಾರದು. ಗೊತ್ತಿರುವವರು ಒಬ್ಬರೇ, ಹಿಂದೆ ದೂರದಲ್ಲಿ ಬರುವ ಅಕ್ಕೋರು. ನಾಯಿ ತಪ್ಪು ದಿಕ್ಕಿಗೆ ಮೂಗು ಹಾಕಿದಾಗಲೂ ಅವರು ಕೆಮ್ಮಲಿಲ್ಲ, ನಿಟ್ಟುಸಿರು ಬಿಡಲಿಲ್ಲ.

ಕಪ್ಪಿಗೆ ಉಣ್ಣಿ ಜ್ವರ ಬಂದ ಆ ರಾತ್ರಿಯ ವಿವರ ಬೇಡ, ಗೊತ್ತಿದ್ದವರಿಗೆ ಗೊತ್ತಿದೆ. ಕರೆಂಟು ಹೋಗಿತ್ತು. ಸಲೈನ್ ಬಾಟಲಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಸೂಜಿ ಚುಚ್ಚಿದ ಕಾಲು ಮಡಿಚದಂತೆ ಬೆಳಗಾಗುವವರೆಗೆ ಹಿಡಿದು ಕೂತವರು ಅಕ್ಕೋರು. ಉಳಿದವರು ಜಗಲಿಯಲ್ಲಿದ್ದರು. ಒಳಗೆ ಹೋಗಲು ಧೈರ್ಯವಿರಲಿಲ್ಲ, ನಿಜ ಹೇಳಬೇಕೆಂದರೆ ಯಾರೋ ಹಾರೆ ಎಲ್ಲಿದೆ ಎಂದೂ ಕೇಳಿದ್ದರು. ಒಳಗಿಂದ ಒಂದೇ ಮಾತು ಬಂತು: “ಉಸಿರು ಆಡ್ತಾ ಇದ್ದು, ಸುಮ್ನಿರು ತಮಾ.” ಅಕ್ಕೋರೇ, ಆ ಮಾತಿಗೆ ಏನು ಕೊಟ್ಟರೂ ಋಣ ತೀರುವುದಿಲ್ಲ.

ಜ್ವರ ಬಿಟ್ಟ ಮೇಲೆ ಕಪ್ಪಿ ಬೇಗ ಏದುಸಿರು ಬಿಡುತ್ತಿತ್ತು. ಬಾಯಿ ತೆರೆದು ಏದುವ ನಾಯಿ ಸರಿಯಾಗಿ ಮೂಸಲಾರದು. ಹಳೆಯ ಉದ್ದಕ್ಕೇ ಮರಳಿದ್ದರೆ ಕಲಿತದ್ದೂ ಹೋಗುತ್ತಿತ್ತು. ಅಕ್ಕೋರು ಪಟ್ಟಿಯ ಮೊದಲ ಪುಟಕ್ಕೆ ವಾಪಸು ಹೋದರು: 50 ಹೆಜ್ಜೆ, ಐದು ನಿಮಿಷದ ಹೊಸ ಜಾಡು, ಪ್ರತಿ ಹೆಜ್ಜೆಗೂ ಚೂರು, ನಾಯಿ ದಣಿಯುವ ಮೊದಲೇ ಮುಕ್ತಾಯ. ಆಮೇಲೆ ಜಾಡಿನ ಉದ್ದ ಅಥವಾ ಜಾಡು ಹಾಕಿ ಕಳೆದ ಸಮಯ, ಒಂದು ಸಲಕ್ಕೆ ಒಂದನ್ನೇ ಹೆಚ್ಚಿಸಿದರು. ಪ್ರತಿ ಜಾಡಿನ ನಂತರ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಎದೆಪಟ್ಟಿಯ ಅಡಿಯಲ್ಲಿ ಉಣ್ಣಿ ನೋಡುವುದು ಅಂದಿನಿಂದ ನಿಯಮ. ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರಕ್ಕೆ ಎಳೆಯಬೇಕು, ಸೀಮೆಎಣ್ಣೆ ಬೇಡ, ಬೆಂಕಿಕಡ್ಡಿ ಬೇಡ. ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಯ ಕಾಲವಾದ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಂಚಿನ ದರಕಿನಲ್ಲಿ (ಉದುರಿದ ಒಣ ಎಲೆ) ಜಾಡು ಪೂರ್ತಿ ಬಂದ್, ಆಗ ಮರಳೇ ಗತಿ.

ಕಪ್ಪಿಗೆ ಈಗ ಅಕ್ಕೋರ ವಾಸನೆ ಬಾಯಿಪಾಠ. ಮುಂದಕ್ಕೆ ಪರಿಚಯವಿಲ್ಲದವರ ಜಾಡು ಬೇಕು, ಆದ್ದರಿಂದ ನಡೆಯಲು ಜನ ಬೇಕು. ಬರುವವರು ಬೆಳಿಗ್ಗೆ ಆರೂವರೆಯೊಳಗೆ ಬನ್ನಿ. ಉಂಬಳ (ಜಿಗಣೆ) ಹತ್ತದಿರಲೆಂದು ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದುಕೊಳ್ಳಬೇಡಿ, ನಾಯಿ ಹೊಗೆಸೊಪ್ಪನ್ನೇ ಹಿಂಬಾಲಿಸಲು ಕಲಿಯುತ್ತದೆ. ಮೊಣಕಾಲಿನವರೆಗಿನ ದಪ್ಪ ಕಾಲುಚೀಲ ಸಾಕು. ಉಳಿದದ್ದನ್ನು ಅಕ್ಕೋರು ಹೇಳಿಕೊಡುತ್ತಾರೆ, ಅವರ ಪಟ್ಟಿಯ ಝೆರಾಕ್ಸ್ ಪ್ರತಿಯೂ ಸಿಗುತ್ತದೆ.