ತಮ್ಮದೇ ಸರ್ಕಾರವನ್ನು ಕೇಳಿದ ಸಂಸದ

ಮಾನ್ಯರೇ,

ಹಳೆಯ ಲೋಕಸಭೆಯ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಫಿರೋಜ್ ಗಾಂಧಿ. ರಾಯ್‌ಬರೇಲಿಯ ಕಾಂಗ್ರೆಸ್ ಸಂಸದ, ಪ್ರಧಾನಿ ನೆಹರೂ ಅವರ ಅಳಿಯ ಬೇರೆ. ಆದರೂ 1957ರ ಡಿಸೆಂಬರ್‌ನಲ್ಲಿ, ಎಲ್‌ಐಸಿ ಹಣವನ್ನು ಉದ್ಯಮಿ ಹರಿದಾಸ್ ಮುಂಧ್ರಾ ಅವರ ಕಂಪನಿಗಳ ಷೇರಿಗೆ ಯಾಕೆ ಸುರಿದಿರಿ ಎಂದು ತಮ್ಮದೇ ಸರ್ಕಾರವನ್ನು ಪಟ್ಟು ಹಿಡಿದು ಕೇಳಿದರು. ನ್ಯಾಯಮೂರ್ತಿ ಚಾಗ್ಲಾ ಜನರ ಎದುರೇ ವಿಚಾರಣೆ ನಡೆಸಿದರು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ನಮ್ಮಪ್ಪ ಎಲ್‌ಐಸಿ ಬಾಂಡನ್ನು ಹಳೇ ಪಂಚೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಡುತ್ತಿದ್ದರು. ಕಂತು ಕಟ್ಟಿದ ರಸೀದಿಗಳೂ ಅಲ್ಲೇ. ಫಿರೋಜ್ ಲೆಕ್ಕ ಕೇಳಿದ್ದು ಇಂಥವರ ದುಡ್ಡಿಗೇ ಅಲ್ವಾ? ಆ ಚರ್ಚೆಯನ್ನು ಕನ್ನಡಕ್ಕೆ ತಂದು ಪಿಯುಸಿ ಮಕ್ಕಳ ಕೈಗೆ ಕೊಡಿ. ಓದಲಿ.

– ಒಬ್ಬ ಓದುಗ, ತುಮಕೂರು